ಗುಜರಿಗೆ ಹೊರಟಿದ್ದ ಲ್ಯಾಪ್‌ಟಾಪ್ ಮನೆಗೆ ಮರಳಿತು

ಸೀರೆ ಹಳೆಯದಾಯಿತೆಂದು ನಮ್ಮ ಕಡೆ ಯಾರೂ ಬಿಸಾಡುವುದಿಲ್ಲ. ಗಟ್ಟಿ ಇದ್ದಷ್ಟು ಭಾಗ ತೆಗೆದು ಕೌದಿ ಹೊಲಿಯುತ್ತೇವೆ. ಹಿತ್ತಾಳೆ ಪಾತ್ರೆ ಮಂಕಾದರೆ ಕಲಾಯಿ ಹಾಕಿಸುತ್ತೇವೆ. ಆದರೆ ಲ್ಯಾಪ್‌ಟಾಪ್ ಎಂಬ ವಸ್ತು ನಿಧಾನವಾದಾಗ ಮಾತ್ರ ಅಂಗಡಿಯವರು ಹೇಳಿದ್ದೇ ವೇದವಾಕ್ಯ ಎಂದು ತಲೆ ಆಡಿಸಿ ಬರುತ್ತೇವೆ. ಹೋದ ವರ್ಷ ನಾನೂ ಹಾಗೆಯೇ ತಲೆ ಆಡಿಸಿ ಬಂದಿದ್ದೆ. ಆಮೇಲೆ ಏನಾಯಿತು ಎಂಬುದನ್ನು ನನ್ನಂಥ ಸೋದರಿಯರಿಗೆ ಹೇಳಬೇಕೆನಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಸೇಡಂನ ಗೃಹಿಣಿ. ಓದಿದ್ದು ಹತ್ತನೆಯ ತರಗತಿಯವರೆಗೆ. ನಮ್ಮ ಮನೆಯ ಲ್ಯಾಪ್‌ಟಾಪ್ 2015ರಲ್ಲಿ ಮಗನ ಓದಿಗೆಂದು ಕೊಂಡದ್ದು. ಅವನು ಕೆಲಸ ಹಿಡಿದು ಬೆಂಗಳೂರಿಗೆ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಸ್ವಸಹಾಯ ಸಂಘದ ಲೆಕ್ಕ, ಬ್ಯಾಂಕಿಗೆ ಬರೆಯುವ ಅರ್ಜಿ, ಮಗಳ ಬಿ.ಕಾಂ. ಪಾಠ, ಎಲ್ಲಕ್ಕೂ ಅದೊಂದೇ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಅವ್ವ ಚಿಂಚೋಳಿಯಿಂದ ಬಂದವಳು ನಾಲ್ಕು ತಿಂಗಳು ನಮ್ಮಲ್ಲೇ ಉಳಿದಳು. ಮಧ್ಯಾಹ್ನ ಹೊತ್ತು ಹೋಗದೆ ಅವಳು ಅಡಿಗೆ ಹೇಳುತ್ತಿದ್ದಳು, ನಾನು ನುಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಎಳ್ಳ ಅಮಾವಾಸ್ಯೆಯ ಭಜ್ಜಿ, ಸಜ್ಜಿ ಕಡುಬು, ಮಾದಲಿ, ಪುಂಡಿಪಲ್ಲೆ, ನಡುವೆ ಅವಳಿಗೆ ನೆನಪಾದಷ್ಟು ಬೀಸುವ ಪದಗಳು. 2023ರಲ್ಲಿ ಅವ್ವ ತೀರಿಕೊಂಡಳು. ಆ ಬರಹ ಕಾಗದದ ಮೇಲೆ ಎಲ್ಲೂ ಇರಲಿಲ್ಲ. ಇದ್ದದ್ದು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಅಂಗಡಿಯ ತೀರ್ಪು

ಲ್ಯಾಪ್‌ಟಾಪ್ ತೆರೆಯಲು ಗುಂಡಿ ಒತ್ತಿ, ಒಲೆಯ ಮೇಲೆ ಚಹಾ ಇಟ್ಟು, ಕುದಿಸಿ, ಸೋಸಿ, ಕುಡಿದು ಮುಗಿಸಿದರೂ ಅದು ಎಚ್ಚರವಾಗುತ್ತಿರಲಿಲ್ಲ. ಅದರ ಮೇಲೆ ವಿಂಡೋಸ್ 10ಕ್ಕೆ ಉಚಿತ ಬೆಂಬಲ ಮುಗಿಯಿತು ಎಂಬ ಸೂಚನೆ ಬೇರೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರು ಆ ಬೆಂಬಲ ನಿಲ್ಲಿಸಿದರು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪೂ ಹೊಸ ಪೀಳಿಗೆಯ ಪ್ರೊಸೆಸರೂ ಇರಬೇಕು. ನಮ್ಮದರಲ್ಲಿ ಎರಡೂ ಇಲ್ಲ.

ರಿಪೇರಿ ಅಂಗಡಿಗೆ ಒಯ್ದೆ. ಆತ ಮುಚ್ಚಳ ತೆರೆದು ನೋಡಿ, "ಅಕ್ಕೋರೆ, ಇದರ ಕಥಿ ಮುಗೀತ್ರಿ. ಗುಜರಿಗಿ ಹಾಕ್ರಿ, ಐದ್ನೂರು ಬರ್ತದ. ನಲವತ್ತು ಸಾವಿರದಾಗ ಹೊಸದು ಕೊಡ್ತೀನಿ" ಎಂದ. ನಲವತ್ತು ಸಾವಿರ! ಮಗಳ ಫೀಸು ಕಟ್ಟಿ ಇನ್ನೂ ತಿಂಗಳಾಗಿರಲಿಲ್ಲ.

ಅದೇ ವಾರ ವಾಡಿಯಿಂದ ತಂಗಿಯ ಮಗ ಬಂದ. ಡಿಪ್ಲೊಮಾ ಓದುವ ಹುಡುಗ. ಎಲ್ಲ ಕೇಳಿ, "ದೊಡ್ಡವ್ವ, ಮಷೀನ್ ಕೆಟ್ಟಿಲ್ಲ. ಅದರಾಗಿನ ವಿಂಡೋಸ್‌ಗೆ ವಯಸ್ಸಾಗ್ಯದ. ಲಿನಕ್ಸ್ ಹಾಕಿ ನೋಡೋಣ" ಎಂದ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆಯೇ, "ರೊಟ್ಟಿ ಬಡಿಯೋ ಕೈಗಿ ಇದೊಂದು ಬಾಕಿ ಇತ್ತು" ಎಂದರು. ಆ ಮಾತೇ ನನಗೆ ಹಟ ಹುಟ್ಟಿಸಿತು.

ಹೆಪ್ಪಿನಂಥ ವಸ್ತು

ಲಿನಕ್ಸ್ ಎಂದರೇನು? ವಿಂಡೋಸ್‌ನಂತೆ ಅದೂ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ಹುಡುಗ ಅದರ ತಿರುಳನ್ನು ಬರೆಯಲು ಶುರು ಮಾಡಿ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಎಂದು ಬಿಟ್ಟುಕೊಟ್ಟ. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಎಂಬ ಹೆಸರಿನಲ್ಲಿ ಇಂಥದೇ ಮುಕ್ತ ತಂತ್ರಾಂಶದ ಕೆಲಸ ಘೋಷಿಸಿದ್ದರು. ಎರಡೂ ಕೂಡಿದವು.

ತಂಗಿಯ ಮಗ ಇದನ್ನೆಲ್ಲ ಹೇಳುವಾಗ ನನಗೆ ಹೊಳೆದದ್ದು ಹೆಪ್ಪು. ಪಕ್ಕದ ಮನೆಯಾಕೆ ಒಂದು ಚಮಚ ಹೆಪ್ಪು ಕೇಳಿದರೆ ಯಾರಾದರೂ ದುಡ್ಡು ಕೇಳುತ್ತೇವೆಯೇ? ಕೊಟ್ಟರೆ ನಮ್ಮ ಮೊಸರು ಕಡಿಮೆಯಾಗುವುದೂ ಇಲ್ಲ, ಅವರ ಮನೆಯಲ್ಲಿ ಗಡಿಗೆ ತುಂಬ ಮೊಸರಾಗುತ್ತದೆ. ಲಿನಕ್ಸ್ ಕೂಡ ಅಷ್ಟೇ.

ಇದು ತೀರ ಹೊಸದೂ ಅಲ್ಲ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದು ಲಿನಕ್ಸ್ ತಿರುಳೇ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್ ಮೇಲೆಯೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಹಾಗೆಯೇ ಕಲಿಯುತ್ತಾರೆ, ಅವರಿಗೆ ಅದರ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಹೈಸ್ಕೂಲು ಮಕ್ಕಳಿಗೆ ಬರುವುದು ನನಗೇಕೆ ಬಾರದು ಎಂದುಕೊಂಡೆ.

ಲಿನಕ್ಸ್‌ನಲ್ಲಿ ಬಗೆ ಬಗೆ. ಉಬುಂಟು, ಫೆಡೋರಾ, ಡೆಬಿಯನ್, ಮಿಂಟ್ ಎಂದು ಹೆಸರುಗಳು. ನಮ್ಮ ಲ್ಯಾಪ್‌ಟಾಪಿಗೆ 4 ಜಿ.ಬಿ. ರ‍್ಯಾಮ್ ಮಾತ್ರ ಇದ್ದುದರಿಂದ ಹಗುರವಾದ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಆರಿಸಿದೆವು. ನೋಡಲು ಹಳೆಯ ವಿಂಡೋಸ್‌ನಂತೆಯೇ ಇದೆ. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು.

ಉಪ್ಪು ನೋಡಿ ಇಳಿಸುವ ಹಾಗೆ

ಮೊದಲು ತಂಗಿಯ ಮಗ ಹೇಳಿದ್ದು: "ದೊಡ್ಡವ್ವ, ಬೇಕಾದ್ದೆಲ್ಲ ಹೊರಗ ತೆಗೆದಿಟ್ಟ ಮ್ಯಾಲೇ ಕೈ ಹಚ್ಚು." ಅವ್ವನ ಬರಹ, ಫೋಟೊಗಳು, ಸಂಘದ ಲೆಕ್ಕ ಎಲ್ಲ ಒಂದು ಪೆನ್‌ಡ್ರೈವಿಗೆ, ಅದೇ ಇನ್ನೊಂದು ಪ್ರತಿ ಮಗಳ ಮೊಬೈಲಿಗೆ. ಪೆನ್‌ಡ್ರೈವನ್ನು ಅಕ್ಕಿಯ ಡಬ್ಬಿಯ ಹಿಂದೆ ಇಟ್ಟೆ. ಬೆಲೆಬಾಳುವುದನ್ನು ನಾವು ಇಡುವ ಜಾಗ ಅದೇ ತಾನೆ!

ಆಮೇಲೆ ಇನ್ನೊಂದು 8 ಜಿ.ಬಿ. ಪೆನ್‌ಡ್ರೈವಿಗೆ ಮಿಂಟ್ ತುಂಬಿಸಿದ. ಅದನ್ನು ಚುಚ್ಚಿ, ಲ್ಯಾಪ್‌ಟಾಪ್ ಚಾಲೂ ಮಾಡುವಾಗಲೇ ಎಫ್12 ಕೀಲಿ ಒತ್ತಿದರೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿತು. ಒಳಗಿನ ವಿಂಡೋಸ್ ಹಾಗೆಯೇ ಇತ್ತು. ಇದು ನನಗೆ ಬಹಳ ಹಿಡಿಸಿತು. ಸಾರು ಇಳಿಸುವ ಮೊದಲು ಅಂಗೈ ಮೇಲೆ ಎರಡು ಹನಿ ಹಾಕಿಕೊಂಡು ಉಪ್ಪು ನೋಡುವ ಹಾಗೆ, ಸರಿ ಬರದಿದ್ದರೆ ಪೆನ್‌ಡ್ರೈವ್ ಕಿತ್ತರೆ ಮುಗಿಯಿತು.

ಎರಡು ದಿನ ಹಾಗೆಯೇ ನೋಡಿದೆವು. ಪರದೆ ಸರಿ, ಧ್ವನಿ ಸರಿ, ಕ್ಯಾಮೆರಾ ಸರಿ. ವೈಫೈ ಮಾತ್ರ ಹತ್ತಲಿಲ್ಲ. ತಂಗಿಯ ಮಗ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಅದರ ಇಂಟರ್‌ನೆಟ್ ಕೊಟ್ಟ, ಡ್ರೈವರ್ ಮ್ಯಾನೇಜರ್ ತೆರೆದು ಅದು ತೋರಿಸಿದ್ದನ್ನು ಹಾಕಿದ, ವೈಫೈ ಬಂತು. ಮೂರನೆಯ ದಿನ ವಿಂಡೋಸ್ ಅಳಿಸಿ ಮಿಂಟನ್ನೇ ಕೂರಿಸಿದೆವು. ಅರ್ಧ ಗಂಟೆಯ ಕೆಲಸ. ಆ ಕೊನೆಯ ಗುಂಡಿ ನಾನೇ ಒತ್ತಿದೆ. ಕೈ ನಡುಗಿದ್ದು ನಿಜ.

ಅವ್ವನ ಅಕ್ಷರ ಎಲ್ಲಿ?

ಲ್ಯಾಪ್‌ಟಾಪ್ ಈಗ ಚುರುಕಾಗಿತ್ತು. ಸಂತೋಷದಿಂದ ಅವ್ವನ ಕಡತ ತೆರೆದೆ. ಎದೆ ಧಸಕ್ಕೆಂದಿತು. ಒಂದೂ ಕನ್ನಡ ಅಕ್ಷರವಿಲ್ಲ! ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೀಟು, ಚುಕ್ಕಿ, ಟೋಪಿ. ಪುಟ ಪುಟವೂ ಹಾಗೆಯೇ. ತಂಗಿಯ ಮಗ ವಾಡಿಗೆ ಹೋಗಿಯಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದಾಗ ಕಾರಣ ತಿಳಿಯಿತು. ನುಡಿ ಕನ್ನಡ ಗಣಕ ಪರಿಷತ್ತಿನವರು ಮಾಡಿದ ತಂತ್ರಾಂಶ, ನಮ್ಮ ಕಚೇರಿಗಳಲ್ಲೆಲ್ಲ ಅದೇ. ನಾನು ಬಳಸಿದ್ದು ಅದರ ಹಳೆಯ ಆಸ್ಕಿ ಅಕ್ಷರಗಳನ್ನು. ಅದರಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಒಳಗಿರುವುದು ಇಂಗ್ಲಿಷ್ ಚಿಹ್ನೆಗಳೇ. ನುಡಿ ಫಾಂಟ್ ಇದ್ದರೆ ಅವು ಕನ್ನಡದ ವೇಷ ಹಾಕುತ್ತವೆ, ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. ಬರಹ ಹಾಳಾಗಿರುವುದಿಲ್ಲ. ಯೂನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ. ಮೊಬೈಲು, ವಿಂಡೋಸು, ಲಿನಕ್ಸು, ಎಲ್ಲಿ ತೆರೆದರೂ ಕನ್ನಡ ಕನ್ನಡವೇ.

ಆಸ್ಕಿಯನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ. ಅರವಿಂದ ವಿ.ಕೆ. ಎಂಬುವರು ಮಾಡಿದ್ದೊಂದು ಉಚಿತವಾಗಿ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಮುಕ್ತ ಕನ್ನಡ ಫಾಂಟುಗಳನ್ನು ಮಾಡಿದವರೂ ಅವರೇ. ಒಂದು ಪುಟ ಪ್ರತಿ ಮಾಡಿ ಅದರಲ್ಲಿ ಹಾಕಿದೆ, ಗುಂಡಿ ಒತ್ತಿದೆ. ಪರದೆಯ ಮೇಲೆ ಮೂಡಿದ ಮೊದಲ ಸಾಲು: "ಭಜ್ಜಿಗಿ ಹಸಿ ತೊಗರಿಕಾಳು ಮೊದಲ ಹಾಕಬೇಕು, ಕಡ್ಲಿಹಿಟ್ಟು ಕಡೀಕ."

ಅವ್ವ ಎದುರಿಗೆ ಕೂತು ಹೇಳಿದಂತಾಯಿತು. ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರೂ ಏನೂ ಮಾತಾಡಲಿಲ್ಲ.

ನಲವತ್ತೆರಡು ಪುಟ ಹೀಗೆ ತಿರುಗಿಸಲು ನಾಲ್ಕು ಮಧ್ಯಾಹ್ನ ಹಿಡಿಯಿತು. ಅಲ್ಲಲ್ಲಿ ತಪ್ಪಿದ ಒತ್ತಕ್ಷರಗಳನ್ನು ಕೈಯಿಂದ ತಿದ್ದಿದೆ. ಟೈಪ್ ಮಾಡಲು ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಲಿನಕ್ಸ್‌ನಲ್ಲೂ ಐಬಸ್ ಎಂಬ ಸಲಕರಣೆ ಹಾಕಿಕೊಂಡು ಕನ್ನಡ ಕೆ.ಜಿ.ಪಿ. ಆರಿಸಿದರೆ ಬೆರಳುಗಳು ಹಳೆಯ ದಾರಿಯಲ್ಲೇ ಓಡುತ್ತವೆ.

ಈಗ ನಮ್ಮ ಎಳ್ಳ ಅಮಾವಾಸ್ಯೆ ಭಜ್ಜಿಯ ಪ್ರತಿ ಶಹಾಬಾದಿನ ನಾದಿನಿಯ ಮೊಬೈಲಿನಲ್ಲೂ ಇದೆ, ಬೆಂಗಳೂರಿನ ಮಗನಲ್ಲೂ ಇದೆ.

ಎಲ್ಲರಿಗೂ ಹೊಂದುವುದೇ?

ಸುಳ್ಳು ಹೇಳಬಾರದು. ಚಿತ್ತಾಪುರದ ನನ್ನ ಶಾಲೆಯ ಗೆಳತಿಯೊಬ್ಬಳು ತನ್ನ ಲ್ಯಾಪ್‌ಟಾಪೂ ಹೀಗೇ ಸರಿಯಾದೀತೆಂದು ರೈಲು ಹತ್ತಿ ತಂದಳು. ಅದು ಬಹಳ ಹಳೆಯ 32 ಬಿಟ್ ಪ್ರೊಸೆಸರಿನದು. ಈಗಿನ ಮಿಂಟ್ 64 ಬಿಟ್ ಯಂತ್ರಗಳಿಗೆ ಮಾತ್ರ. ಪಾಪ, ಬರಿಗೈಯಲ್ಲಿ ಹೋದಳು. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶಗಳು ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಬಿ.ಕಾಂ. ಓದುವ ಮಗಳು ಟ್ಯಾಲಿಗೆ ಕಾಲೇಜಿನ ಲ್ಯಾಬನ್ನೇ ನಂಬಿದ್ದಾಳೆ. ನಮ್ಮ ಹಳೆಯ ಪ್ರಿಂಟರ್ ಕೂಡ ಎರಡು ದಿನ ಸತಾಯಿಸಿತು. ಪತ್ರ, ಲೆಕ್ಕದ ಪಟ್ಟಿ, ಪಾಠದ ವಿಡಿಯೊ, ಬ್ರೌಸರ್ ಇಷ್ಟಕ್ಕೆ ಯಾವ ಕೊರತೆಯೂ ಇಲ್ಲ. ಪತ್ರ ಮತ್ತು ಲೆಕ್ಕಕ್ಕೆ ಲಿಬ್ರೆ ಆಫೀಸ್ ಮಿಂಟ್‌ನ ಜೊತೆಗೇ ಬರುತ್ತದೆ.

ನೀವೂ ಮಾಡಿ ನೋಡಿ

ಬೇಕಾಗುವ ಸಾಮಗ್ರಿ: 64 ಬಿಟ್‌ನ ಹಳೆಯ ಲ್ಯಾಪ್‌ಟಾಪ್ (ರ‍್ಯಾಮ್ ಕನಿಷ್ಠ 2 ಜಿ.ಬಿ., 4 ಇದ್ದರೆ ಒಳ್ಳೆಯದು), ಲಿನಕ್ಸ್ ತುಂಬಲು 8 ಜಿ.ಬಿ.ಯ ಪೆನ್‌ಡ್ರೈವ್ ಒಂದು, ಕಡತಗಳ ಪ್ರತಿಗೆ ಇನ್ನೊಂದು, ಸುಮಾರು 3 ಜಿ.ಬಿ. ಇಳಿಸಿಕೊಳ್ಳುವಷ್ಟು ಇಂಟರ್‌ನೆಟ್, ಒಂದಿಷ್ಟು ತಾಳ್ಮೆ.

ಮಾಡುವ ವಿಧಾನ:

1. ಫೋಟೊ, ಬರಹ, ಲೆಕ್ಕ ಎಲ್ಲವನ್ನೂ ಎರಡು ಕಡೆ ಪ್ರತಿ ಮಾಡಿಡಿ. ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಿ.

2. ನುಡಿಯ ಹಳೆಯ ಕಡತಗಳಿದ್ದರೆ ವಿಂಡೋಸ್ ಅಳಿಸುವ ಮೊದಲೇ ಯೂನಿಕೋಡ್‌ಗೆ ತಿರುಗಿಸಿಕೊಳ್ಳಿ. ನಾನು ಪಟ್ಟ ಸಂಕಟ ನಿಮಗೆ ಬೇಡ.

3. ಲಿನಕ್ಸ್ ಮಿಂಟ್‌ನ ಕಡತ ಇಳಿಸಿ, ರೂಫಸ್ ಅಥವಾ ಬಲೀನಾ ಎಚರ್ ಎಂಬ ಸಾಧನದಿಂದ ಪೆನ್‌ಡ್ರೈವಿಗೆ ಬರೆಯಿರಿ. ಆ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ.

4. ಚಾಲೂ ಮಾಡುವಾಗ ಎಫ್12, ಎಫ್2 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವ್ ಆರಿಸಿ. ಯಾವ ಕೀಲಿ ಎಂಬುದು ಕಂಪನಿಯ ಮೇಲೆ ಹೋಗುತ್ತದೆ.

5. ಒಂದೆರಡು ದಿನ ಹಾಗೆಯೇ ಬಳಸಿ ನೋಡಿ. ವೈಫೈ, ಧ್ವನಿ, ಕ್ಯಾಮೆರಾ ಎಲ್ಲ ಹೊಂದಿದರೆ ಮಾತ್ರ ಕೂರಿಸಿ.

ಮೊದಲ ಸಲ ಮನೆಯ ಅಥವಾ ಓಣಿಯ ಓದುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದರೆ ಗುಂಡಿಗಳನ್ನು ನೀವೇ ಒತ್ತಿ. ಬೇರೆಯವರು ಮಾಡಿದ್ದನ್ನು ಬರೀ ನೋಡಿದರೆ ಕಡುಬು ಕಟ್ಟಲು ಬಂದೀತೇ?

ನಮ್ಮ ಮನೆಯವರು ಈಗ ದಿನಾ ಬೆಳಿಗ್ಗೆ ಅದೇ ಲ್ಯಾಪ್‌ಟಾಪಿನಲ್ಲಿ ಪೇಪರು ಓದುತ್ತಾರೆ. ಮೊನ್ನೆ ಅದೇನೋ ತೆರೆಯದೆ, "ಏ, ಸ್ವಲ್ಪ ಬಂದು ನೋಡು" ಎಂದು ಅಡಿಗೆಮನೆಯ ಕಡೆ ಕೂಗಿದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈ ಒರೆಸಿಕೊಂಡು ಹೋಗಿ ಸರಿ ಮಾಡಿಕೊಟ್ಟೆ.