ಐದು ಎಲೆ, ಇಪ್ಪತ್ತಾರು ಲಕ್ಷ ಜೋಡಣೆ

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ವ್ಯವಹಾರದ ಮಾತುಕತೆಗೆಂದು ಪಣಜಿಗೆ ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಸಂಜೆ ಕೆಲಸವಿಲ್ಲ. ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗಿನಲ್ಲಿ ಎರಡು ಸಾವಿರ ರೂಪಾಯಿಯಷ್ಟೇ ಇಟ್ಟು ಪೋಕರ್ ಆಡಿದರೇನು ಎಂದು ಅವರಿಗೆ ಅನ್ನಿಸುತ್ತದೆ. ಕರ್ನಾಟಕದಲ್ಲಿ ಕ್ಯಾಸಿನೊಗಳಿಲ್ಲ; ಗೋವಾದಲ್ಲಿ ಕಾನೂನಿನ ಪ್ರಕಾರವೇ ಇವೆ. ಜೊತೆಗಿದ್ದ ಬಬಲೇಶ್ವರದ ಗೆಳೆಯರು, ‘ಇದು ಅದೃಷ್ಟದ ಆಟವಲ್ಲ, ಬುದ್ಧಿಯ ಆಟ’ ಎನ್ನುತ್ತಾರೆ. ಈ ಮಾತು ಎಷ್ಟು ನಿಜ? ಲೆಕ್ಕ ಹಾಕಿ ನೋಡೋಣ.

ಲೆಕ್ಕದ ಸೂತ್ರ ನಮಗೆ ಹೊಸದಲ್ಲ. ಭಾಸ್ಕರಾಚಾರ್ಯರು ತಮ್ಮ ಊರೆಂದು ಹೇಳಿಕೊಂಡ ವಿಜ್ಜಡವಿಡವು ಇಂದಿನ ವಿಜಯಪುರವೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಅದು ಮಹಾರಾಷ್ಟ್ರದಲ್ಲಿತ್ತು ಎಂಬ ವಾದವೂ ಇದೆ. ಅದೇನೇ ಇರಲಿ, 1150ರ ಸುಮಾರಿನ ಅವರ ‘ಲೀಲಾವತಿ’ಯಲ್ಲಿ ಒಂದು ಸೊಗಸಾದ ಸಮಸ್ಯೆ ಇದೆ. ಆರು ರುಚಿಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರರವರೆಗೆ ಬೆರೆಸಿದರೆ ಎಷ್ಟು ಬಗೆ? ಉತ್ತರ 6, 15, 20, 15, 6, 1, ಒಟ್ಟು 63. ಇದೇ ವಿಕಲ್ಪ ನಿಯಮವನ್ನು 52 ಇಸ್ಪೀಟ್ ಎಲೆಗಳಿಗೆ ಅನ್ವಯಿಸಿ ಐದೈದು ಎಲೆ ಆರಿಸಿದರೆ 25,98,960 ಜೋಡಣೆಗಳು ದೊರೆಯುತ್ತವೆ.

ಪೋಕರಿನಲ್ಲಿ ಯಾವ ಕೈ ದೊಡ್ಡದು ಎಂಬುದನ್ನು ಇದೇ ಎಣಿಕೆ ನಿರ್ಧರಿಸುತ್ತದೆ. ವಿರಳವಾದುದೇ ಶ್ರೇಷ್ಠ. ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಒಂದೇ ಜಾತಿಯಲ್ಲಿ ಬರುವ ‘ರಾಯಲ್ ಫ್ಲಷ್’ ನಾಲ್ಕೇ ನಾಲ್ಕು. ಒಂದು ಜೋಡಿ ಮಾತ್ರ ಇರುವ ಕೈಗಳು 10,98,240. ಏನೂ ಕೂಡಿಬರದ ಕೈಗಳು 13,02,540, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು!

ಬುದ್ಧಿಗೆ ಎಲ್ಲಿ ಕೆಲಸ? ಒಂದು ಸಂದರ್ಭ ತೆಗೆದುಕೊಳ್ಳಿ. ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ನಿಮ್ಮ ಕೈಯಲ್ಲಿ ಎರಡು, ಮೇಜಿನ ಮೇಲೆ ಎಲ್ಲರಿಗೂ ಸೇರಿದ ನಾಲ್ಕು ಎಲೆಗಳಿವೆ; ಇನ್ನೊಂದು ಬರಬೇಕು. ಈ ಆರರಲ್ಲಿ ನಾಲ್ಕು ಒಂದೇ ಜಾತಿಯವು. ಐದನೆಯದು ಬಂದರೆ ಗೆಲುವು ನಿಮ್ಮದೇ, ಬಾರದಿದ್ದರೆ ಸೋಲು ಎಂದುಕೊಳ್ಳಿ. ನೀವು ಕಾಣದ ಎಲೆಗಳು 46, ಬೇಕಾದವು 9. ಸಂಭವನೀಯತೆ ಶೇಕಡಾ 20ಕ್ಕಿಂತ ತುಸು ಕಡಿಮೆ. ಮಧ್ಯದ ರಾಶಿಯಲ್ಲಿ 300 ರೂ. ಇದೆ, ಉಳಿಯಬೇಕಾದರೆ ನೀವು 100 ರೂ. ಹಾಕಬೇಕು. ಸರಾಸರಿ ಫಲ: (9/46 × 300) – (37/46 × 100), ಅಂದರೆ ಸುಮಾರು 22 ರೂ. ನಷ್ಟ. ಎಲೆ ಮಡಚುವುದೇ ಸರಿ. ರಾಶಿ 500 ರೂ. ಆಗಿದ್ದರೆ? ಸುಮಾರು 17 ರೂ. ಲಾಭ. ಎಲೆಗಳು ಅವೇ, ತೀರ್ಮಾನ ಮಾತ್ರ ಬೇರೆ. ಗೆಳೆಯರ ಮಾತಿನಲ್ಲಿ ಹುರುಳಿದೆ ಎಂದಾಯಿತು.

ಆದರೆ ಒಂದು ಸಂಜೆಯ ಆಟ ಬಹಳ ಚಿಕ್ಕದು. ಕೈಗೆ ಬರುವ ಎರಡು ಎಲೆಗಳಿಗೆ 1,326 ಜೋಡಣೆಗಳಿದ್ದು, ಎರಡೂ ಎಕ್ಕವಾಗುವುದು ಆರರಲ್ಲಿ ಮಾತ್ರ: 221ಕ್ಕೆ ಒಂದು. ನೂರು ಆಟ ಆಡಿದರೂ ಎಕ್ಕದ ಜೋಡಿ ಒಮ್ಮೆಯೂ ಬಾರದಿರುವ ಸಂಭವ ಶೇಕಡಾ 64ರಷ್ಟು. ‘ಇಷ್ಟು ಹೊತ್ತು ಬರಲಿಲ್ಲ, ಇನ್ನು ಬಂದೇ ಬರುತ್ತದೆ’ ಎಂದು ಕಾಯುವುದು ವ್ಯರ್ಥ. ಪ್ರತಿ ಸಲ ಕಲಸಿದ ಕಟ್ಟಿಗೆ ಹಿಂದಿನದರ ನೆನಪಿರುವುದಿಲ್ಲ.

ಇನ್ನೊಂದು ವಿಷಯವನ್ನು ಆಟಗಾರರು ಸಾಮಾನ್ಯವಾಗಿ ಮರೆಯುತ್ತಾರೆ. ಪೋಕರಿನಲ್ಲಿ ಕ್ಯಾಸಿನೊ ಎದುರಾಳಿಯಲ್ಲ. ಅದು ಪ್ರತಿ ರಾಶಿಯಿಂದ ತನ್ನ ಪಾಲು ಎತ್ತಿಕೊಳ್ಳುತ್ತದೆ. ಉದಾಹರಣೆಗೆ ಎಂಟು ಜನ, ತಲಾ 2,000 ರೂ.; ಒಟ್ಟು 16,000. ರಾಶಿಯ ಸರಾಸರಿ 800 ರೂ., ಪಾಲು ಶೇಕಡಾ 5 ಎಂದರೆ ಪ್ರತಿ ಆಟಕ್ಕೆ 40 ರೂ. ಹೋಗುತ್ತದೆ. ನೂರು ಆಟ ಮುಗಿಯುವಷ್ಟರಲ್ಲಿ ಮೇಜಿನ ಹಣದ ಕಾಲುಭಾಗ ಮಾಯ! ಉಳಿದವರಿಗಿಂತ ತುಸು ಜಾಣರಾದರೆ ಸಾಲದು, ಈ ಸೋರಿಕೆಯನ್ನು ತುಂಬುವಷ್ಟು ಜಾಣರಾಗಬೇಕು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನಂತೂ, ಜಾಣ್ಮೆಯವಿರಲಿ ಅದೃಷ್ಟದವಿರಲಿ, 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಶಿಕ್ಷಕರು ಇದನ್ನು ತರಗತಿಯಲ್ಲಿ ಹಣವಿಲ್ಲದೆ ತೋರಿಸಬಹುದು. ಎಂಟು ವಿದ್ಯಾರ್ಥಿಗಳಿಗೆ ತಲಾ 50 ಹುಣಸೆ ಬೀಜ ಕೊಡಿ. ಯಾವುದಾದರೂ ಸರಳ ಆಟ ಆಡಿಸಿ, ಪ್ರತಿ ಆಟದ ಗೆಲುವಿನಿಂದ ಒಂದು ಬೀಜವನ್ನು ಡಬ್ಬಿಗೆ ಹಾಕಿ. ನೂರು ಆಟಗಳ ನಂತರ ಮೊದಲು ಡಬ್ಬಿಯ ಬೀಜಗಳನ್ನು ಎಣಿಸಿ. ಗೆದ್ದವರು ಯಾರೆಂದು ಆಮೇಲೆ ಕೇಳಿ.