ಹೆಸರಿನ ಬಾಡಿಗೆ

ನಮ್ಮ ವೈಯಾಕರಣರು ನಾಮಪದಗಳನ್ನು ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಊರು, ಹೊಳೆ, ಸೀರೆ ಎಂಬವು ರೂಢಿಯಿಂದ ಬಂದವು. ಗುಣವನ್ನಾಗಲಿ ವೃತ್ತಿಯನ್ನಾಗಲಿ ಅನುಸರಿಸಿ ನಿಂತವು ಅನ್ವರ್ಥಗಳು. ಗುರುತಿಗಾಗಿ ಇಟ್ಟುಕೊಂಡವು ಅಂಕಿತಗಳು. ತರಗತಿಯಲ್ಲಿ ಈ ಪಾಠವನ್ನು ಹೇಳುವಾಗ ಈಚೆಗೆ ನನಗೆ ಪೇಟೆಯ ನೆನಪಾಗುತ್ತದೆ. ಅಲ್ಲಿ ಬಟ್ಟೆಗೆ ಎಷ್ಟು ಬೆಲೆಯೋ ಅದರ ಮೇಲಿನ ಅಂಕಿತನಾಮಕ್ಕೂ ಅಷ್ಟು ಬೆಲೆಯುಂಟು. ಆ ನಾಮವು ಬಾಡಿಗೆಗೂ ದೊರೆಯುತ್ತದೆ!

ನಮ್ಮ ಸೀಮೆಯನ್ನೇ ನೋಡೋಣ. ಗೌರಿಬಿದನೂರು ತಾಲ್ಲೂಕಿನ ಅಲೀಪುರವು ಹರಳಿನ ವ್ಯಾಪಾರಕ್ಕೆ ಪ್ರಸಿದ್ಧವಾದ ಊರು. ಆದರೆ ಅಲ್ಲಿಂದ ಹೊರಟ ಹರಳು ಎಲ್ಲಿಯೋ ಒಂದು ಉಂಗುರದಲ್ಲಿ ಕುಳಿತಾಗ ಅಂಗಡಿಯ ಹೆಸರು ಮೆರೆಯುತ್ತದೆಯೇ ಹೊರತು ಅಲೀಪುರದ ಹೆಸರಲ್ಲ. ಶಿಡ್ಲಘಟ್ಟದ ರೇಷ್ಮೆಯ ಪಾಡೂ ಇದೇ. ಅಲ್ಲಿಯ ಗೂಡಿನ ಮಾರುಕಟ್ಟೆ, ರಾಮನಗರದ ಮಾರುಕಟ್ಟೆಯಂತೆ, ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ರೈತನು ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು ಹುಳು ಮೇಯಿಸುತ್ತಾನೆ. ನೂಲು ಬಿಚ್ಚುವವರು ಬಿಸಿನೀರಿನಲ್ಲಿ ಕೈಯದ್ದಿ ಎಳೆ ತೆಗೆಯುತ್ತಾರೆ. ಆ ನೂಲು ಕಂಚಿಯಲ್ಲಿ ಸೀರೆಯಾದರೆ ಕಂಚಿಯ ಸೀರೆ, ಧರ್ಮಾವರದಲ್ಲಿ ಆದರೆ ಧರ್ಮಾವರದ ಸೀರೆ. ಶಿಡ್ಲಘಟ್ಟವೆಂಬ ಮಾತು ಸೆರಗಿನ ಯಾವ ಮೂಲೆಯಲ್ಲಿಯೂ ಕಾಣದು.

ಇನ್ನು ಹೆಸರು ಬಾಡಿಗೆಗೆ ಹೋಗುವ ಬಗೆ. ಹೆಸರಿನ ಒಡೆಯನು ತಾನು ಮಗ್ಗ ಹೂಡಬೇಕಾಗಿಲ್ಲ, ಹೊಲಿಗೆಯ ಯಂತ್ರವನ್ನೂ ಇಡಬೇಕಾಗಿಲ್ಲ. ಇಷ್ಟು ವರ್ಷ, ಇಂಥ ದೇಶದಲ್ಲಿ, ಇಂಥ ಉಡುಪಿಗೆ ಮಾತ್ರ ಎಂದು ಕರಾರು ಬರೆದು ಇನ್ನೊಬ್ಬನಿಗೆ ಹೆಸರನ್ನು ಕೊಡುತ್ತಾನೆ. ಮಾರಾಟದ ಮೇಲೆ ಶೇಕಡಾವಾರು ರಾಯಲ್ಟಿ ಪಡೆಯುತ್ತಾನೆ. ಮಾರಾಟ ಕುಸಿದರೂ ಇಷ್ಟಕ್ಕೆ ಕಡಮೆಯಾಗಬಾರದೆಂಬ ಮೊತ್ತವನ್ನೂ ಸಾಮಾನ್ಯವಾಗಿ ಗೊತ್ತುಮಾಡಿರುತ್ತಾನೆ. 1993ರಲ್ಲಿ ಅರವಿಂದ್ ಸಂಸ್ಥೆಯು ಅಮೆರಿಕದ ಆ್ಯರೋ ಶರಟನ್ನು ನಮ್ಮ ದೇಶಕ್ಕೆ ತಂದುದು ಈ ಕ್ರಮದಿಂದಲೇ. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೇಯ್ದು ಬೆಳೆದ ಹಿಮತ್‌ಸಿಂಗ್ಕಾ ಸಂಸ್ಥೆಯು ಮುಂದೆ ಹಾಸನದಲ್ಲಿ ಹಾಸಿಗೆಯ ಹೊದಿಕೆಗಳನ್ನು ತಯಾರಿಸಿ, ಕ್ಯಾಲ್ವಿನ್ ಕ್ಲೈನ್, ಟಾಮಿ ಹಿಲ್‌ಫಿಗರ್ ಎಂಬ ಪರದೇಶದ ಹೆಸರುಗಳನ್ನು ಕರಾರಿನಿಂದ ಪಡೆಯಿತು. ಕೈ ನಮ್ಮದು, ಅಂಕಿತ ಅವರದು.

ಈ ವ್ಯವಹಾರದ ಹಣೆಬರಹವನ್ನು ಬರೆಯುವುದು ಅಂಗಡಿ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಟ್ಟೆಯನ್ನು ಅಳೆದು ಕೊಂಡು ದರ್ಜಿಗೆ ಕೊಡುತ್ತಿದ್ದ ಕಾಲದಲ್ಲಿ ಅಂಗಡಿಯವನ ಮಾತೇ ಮುದ್ರೆಯಾಗಿತ್ತು. 1991ರಲ್ಲಿ ಮುಂಬಯಿಯಲ್ಲಿ ಆರಂಭವಾದ ಷಾಪರ್ಸ್ ಸ್ಟಾಪ್‌ನಂಥ ಮಳಿಗೆಗಳು ಒಂದೇ ಸೂರಿನಡಿ ಹಲವು ಹೆಸರುಗಳನ್ನು ಸಾಲಾಗಿ ಇಟ್ಟವು. ಆಗ ಹೆಸರು ತಂದವನಿಗೆ ಸುಗ್ಗಿ. ಮುಂದೆ ಅಂಗಡಿಗಳೇ ಸ್ವಂತ ಹೆಸರಿನ ಉಡುಪನ್ನು ಮಾರತೊಡಗಿದವು. 1998ರಿಂದ ನಡೆದುಬಂದ ವೆಸ್ಟ್‌ಸೈಡ್ ಇದಕ್ಕೆ ನಿದರ್ಶನ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಿಂತ್ರಾ ಪೇಟೆಯನ್ನು ಅಂಗೈಗೆ ತಂದಿತು. ನಟ ಹೃತಿಕ್ ರೋಷನ್ ಹೆಸರಿನೊಡನೆ ಬೆಸೆದ ಎಚ್‌ಆರ್‌ಎಕ್ಸ್ ಎಂಬ ಅಂಕಿತವು 2013ರಲ್ಲಿ ಅಲ್ಲಿಯೇ ಮಾರಾಟಕ್ಕೆ ಬಂದಿತು. ಮಾರುವವನೇ ಹೆಸರನ್ನು ಹಿಡಿದಮೇಲೆ ಮಧ್ಯದ ತಯಾರಕನಿಗೆ ಬಾಗಿಲು ಕಿರಿದಾಗುವುದು ಸಹಜ. ಇದ್ದ ಬಾಗಿಲೂ ಶಾಶ್ವತವಲ್ಲ. ಅಮೆರಿಕದ ಗ್ಯಾಪ್ ಎಂಬ ಹೆಸರು 2015ರಲ್ಲಿ ಅರವಿಂದ್ ಮೂಲಕ ಭಾರತದಲ್ಲಿ ಅಂಗಡಿ ತೆರೆಯಿತು. 2020ರಲ್ಲಿ ಆ ಸಂಬಂಧ ಮುಗಿಯಿತು. 2022ರಲ್ಲಿ ರಿಲಯನ್ಸ್ ಪಾಲಾಯಿತು. ಫಾರೆವರ್ 21ರ ಅಂಗಡಿಗಳನ್ನು ಅಮೆರಿಕದಲ್ಲಿ ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ದಿವಾಳಿಯೆದ್ದಾಗಲೂ ಹೆಸರಿನ ಒಡೆತನ ಬೇರೊಬ್ಬರಲ್ಲಿ ಭದ್ರವಾಗಿತ್ತು. ಅಂಗಡಿ ಮುಚ್ಚಿದರೆ ಕೆಲಸಗಾರನಿಗೆ ಕೂಲಿಯಿಲ್ಲ. ಹೆಸರಿಗೆ ಮಾತ್ರ ಇನ್ನೊಂದು ಮನೆಯುಂಟು.

ಹಾಗಾದರೆ ಹೆಸರಿಲ್ಲದ ಶಿಡ್ಲಘಟ್ಟಕ್ಕೆ ಗತಿಯೇನು? ಇಲ್ಲಿ ನಮ್ಮ ದಾಸರ ಸಂಪ್ರದಾಯವೊಂದು ವಿಚಾರಾರ್ಹವಾಗಿದೆ. ವಿಜಯದಾಸರು ಗೋಪಾಲದಾಸರಿಗೆ ‘ಗೋಪಾಲವಿಠಲ’ ಎಂಬ ಅಂಕಿತವನ್ನು ಅನುಗ್ರಹಿಸಿದರು. ಅದಕ್ಕೆ ಬಾಡಿಗೆಯಿರಲಿಲ್ಲ, ಗಡುವಿರಲಿಲ್ಲ. ನಿಷ್ಠೆಯೇ ಅದರ ಕರಾರು. ಕಾಕತಾಳೀಯವೋ ಏನೋ, ನಮ್ಮ ಭೌಗೋಳಿಕ ಗುರುತಿನ ಕಾಯಿದೆಯೂ ಇದನ್ನು ಸ್ವಲ್ಪ ಹೋಲುತ್ತದೆ. 1999ರಲ್ಲಿ ಅಂಗೀಕೃತವಾಗಿ 2003ರಲ್ಲಿ ಜಾರಿಗೆ ಬಂದ ಈ ಕಾಯಿದೆಯಂತೆ ಊರಿನ ಹೆಸರನ್ನು ಮಾರಲಾಗದು, ಅಡವಿಡಲಾಗದು, ಲೈಸೆನ್ಸ್ ಬರೆದು ಬಾಡಿಗೆಗೂ ಕೊಡಲಾಗದು. ಆ ಸೀಮೆಯಲ್ಲಿ ಆ ವಸ್ತುವನ್ನು ತಯಾರಿಸುವವರು ಹೆಸರು ನೋಂದಾಯಿಸಿಕೊಂಡು, ಅಧಿಕೃತ ಬಳಕೆದಾರರಾಗಿ ಅದನ್ನು ಹಂಚಿಕೊಳ್ಳಬಹುದು. ಮೈಸೂರು ರೇಷ್ಮೆಗೆ ಈ ಗುರುತು ದೊರೆತಿದೆ. 1912ರಲ್ಲಿ ಮಹಾರಾಜರ ಕಾಲದಲ್ಲಿ ಆರಂಭವಾದ ಕಾರ್ಖಾನೆಯ ಆ ಸೀರೆ ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮಳಿಗೆಯಲ್ಲಿ ತನ್ನ ಹೆಸರಿನಿಂದಲೇ ಮಾರಾಟವಾಗುತ್ತದೆ.

ಅಂಗೈಯ ಪೇಟೆಯಲ್ಲಿ ಕೊಳ್ಳುವವರು ಬಟ್ಟೆಯನ್ನು ಮುಟ್ಟಿ ನೋಡಲಾರರು. ನಂಬಿಕೆಗೆ ಹೆಸರೊಂದೇ ಆಧಾರ. ಆದ್ದರಿಂದ ಎರವಲು ಹೆಸರಿಗೆ ಎಷ್ಟು ಅವಕಾಶವೋ ನಿಜವಾದ ಹೆಸರಿಗೂ ಅಷ್ಟೇ ಅವಕಾಶವಿದೆಯೆಂದು ನನ್ನ ನಂಬಿಕೆ. ಆದರೆ ಗುರುತಿನ ಚೀಟಿ ಅಂಟಿಸಿದ ಮಾತ್ರಕ್ಕೆ ಫಲ ಬಾರದು. ಎಳೆಯ ಗಾತ್ರ, ಹೊಳಪು, ಬಾಳಿಕೆಗಳಲ್ಲಿ ಒಂದೇ ಮಟ್ಟವನ್ನು ಕಾಯುವ ಕಟ್ಟುಪಾಡನ್ನು ನೂಲು ಬಿಚ್ಚುವವರು ಒಟ್ಟುಗೂಡಿ ಹಾಕಿಕೊಳ್ಳಬೇಕು. ಸೀರೆ ನೇಯುವವರೂ ನೂಲು ಎಲ್ಲಿಯದೆಂಬುದನ್ನು ಚೀಟಿಯಲ್ಲಿ ಕಾಣಿಸಬೇಕು. ಅಂಕಿತವನ್ನು ಹಣ ತೆತ್ತು ಪಡೆಯಬಹುದು. ಅನ್ವರ್ಥನಾಮವನ್ನು ದುಡಿದೇ ಗಳಿಸಬೇಕು. ಶಿಡ್ಲಘಟ್ಟದವರು ದುಡಿಮೆಯನ್ನು ಬಹುಕಾಲದಿಂದ ಸಲ್ಲಿಸುತ್ತ ಬಂದಿದ್ದಾರೆ. ಹೆಸರಿನ ಬಾಕಿಯನ್ನು ಪೇಟೆಯು ಇನ್ನು ತೀರಿಸಬೇಕಾಗಿದೆ.