ಅಖಾಡದ ಅಂಚಿನಲ್ಲಿ ಕುಳಿತವರು

ತೇರು ಎಳೆದು ನೆಲೆ ನಿಂತ ಮರುದಿನ. ಹೊತ್ತು ಪಡುವಣಕ್ಕೆ ವಾಲುತ್ತಿದ್ದಂತೆ ಊರ ಹೊರಗಿನ ಬಯಲಿನಲ್ಲಿ ಹಲಗೆಯ ನಾದ ಏಳುತ್ತದೆ. ಮಿಠಾಯಿ ಅಂಗಡಿಯ ಮುಂದೆ ನಿಂತಿದ್ದ ಹುಡುಗರು ಕೈಯಲ್ಲಿದ್ದ ಬೆಂಡು ಬತ್ತಾಸನ್ನು ಜೇಬಿಗೆ ತುರುಕಿಕೊಂಡು ಓಡುತ್ತಾರೆ. ಚಕ್ಕಡಿಗಳ ಮೇಲೆ ಜನ, ಮರದ ಕೊಂಬೆಗಳ ಮೇಲೆ ಜನ, ಮಾಳಿಗೆಗಳ ಮೇಲೆ ಜನ. ನಡುವೆ ಹದಮಾಡಿದ ಕೆಂಪು ಮಣ್ಣಿನ ಅಖಾಡ. ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯಲ್ಲಿ, ರಾಮಥಾಳ ಮತ್ತು ಅದರ ಸುತ್ತಣ ಹಳ್ಳಿಗಳಲ್ಲಿ, ಜಾತ್ರೆಯೆಂದೊಡನೆ ಹಿರಿಯರ ಕಣ್ಣಿಗೆ ಕಟ್ಟುವ ಚಿತ್ರಗಳಲ್ಲಿ ಇದೂ ಒಂದು.

ಕುಸ್ತಿಯ ಮಾತು ಬಂದಾಗ ಎಲ್ಲರೂ ಜಟ್ಟಿಯನ್ನು ಹೊಗಳುವರು. ಅಖಾಡದ ಅಂಚಿನಲ್ಲಿ ಕುಳಿತವನನ್ನು ನೆನೆಯುವವರು ಕಡಿಮೆ. ಆದರೆ ಆ ಜನಸಂದಣಿಯ ಮುಂದಿನ ಸಾಲಿನಲ್ಲಿ, ರುಮಾಲನ್ನು ಮೊಣಕಾಲಿಗೆ ಸುತ್ತಿ ಕುಳಿತ ಒಬ್ಬ ವೃದ್ಧರು ಇದ್ದೇ ಇರುತ್ತಾರೆ. ಊರಿಂದೂರಿಗೆ ಅವರ ಹೆಸರು ಬೇರೆ. ಮನುಷ್ಯ ಮಾತ್ರ ಒಬ್ಬನೇ. ಅವರು ಎಂದೂ ಹೆಸರಾಂತ ಪೈಲವಾನರಾಗಿದ್ದವರಲ್ಲ. ಬಾಲ್ಯದಲ್ಲಿ ಗರಡಿಯ ಮಣ್ಣು ಮೈಗೆ ಹತ್ತಿತ್ತು, ಅಷ್ಟೆ. ಆದರೆ ಯಾವ ವರ್ಷ, ಯಾವ ಜಾತ್ರೆಯಲ್ಲಿ, ಯಾರು ಯಾರನ್ನು ಯಾವ ಪಟ್ಟಿನಿಂದ ಚಿತ್ತು ಮಾಡಿದರೆಂಬುದು ಅವರ ನಾಲಿಗೆಯ ತುದಿಯಲ್ಲಿದೆ. ಹಳ್ಳಿಯ ಕುಸ್ತಿಗೆ ಲೆಕ್ಕದ ಪುಸ್ತಕವಿಲ್ಲ. ಇಂಥ ಹಿರಿಯರ ನೆನಪೇ ಅದರ ಪುಸ್ತಕ.

ಗರಡಿಯ ಮಣ್ಣು

ರಾಮಥಾಳದ ಸೀಮೆಯಲ್ಲಿ ಹರಡಿರುವ ಎರೆಯ ನೆಲ ಮಳೆಗಾಲದಲ್ಲಿ ಅಂಟು, ಬೇಸಗೆಯಲ್ಲಿ ಬಿರುಕು. ಜೋಳಕ್ಕೆ ತಾಯಿಯಂತಿರುವ ಈ ಮಣ್ಣು ಕುಸ್ತಿಗೆ ಒದಗದು. ಅಖಾಡಕ್ಕೆ ಕೆಂಪು ಮಣ್ಣೇ ಆಗಬೇಕು. ಅದನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸಗಳನ್ನು ಬೆರೆಸಿ, ದಿನದಿನವೂ ಅಗೆದು ಮಗುಚಿ ಮೆತ್ತಗೆ ಮಾಡುವರು. ಬಿದ್ದವನ ಮೂಳೆಗೆ ಪೆಟ್ಟಾಗಬಾರದು, ತರಚಿದ ಗಾಯ ಕೀವಾಗಬಾರದು ಎಂಬ ಎಚ್ಚರ ಈ ಪದ್ಧತಿಯ ಹಿಂದಿದೆ. ಗರಡಿಯ ಗೋಡೆಯ ಗೂಡಿನಲ್ಲಿ ಹನುಮಪ್ಪ; ಮೂಲೆಯಲ್ಲಿ ಗದೆ, ಲೋಡು, ಕಲ್ಲಿನ ಗುಂಡು. ಕೆರವನ್ನು ಹೊರಗೆ ಬಿಟ್ಟು, ಮಣ್ಣನ್ನು ಮುಟ್ಟಿ ಹಣೆಗಿಟ್ಟುಕೊಂಡು ಒಳಗೆ ಇಳಿಯಬೇಕು. ನಸುಕಿನಲ್ಲೆದ್ದು ನೂರಾರು ಸಾಮು, ಬೈಠಕು ತೆಗೆದ ಹುಡುಗನಿಗೆ ವಸ್ತಾದರು ಒಂದು ಪಟ್ಟು ಹೇಳಿಕೊಟ್ಟರೆ ಅದು ಅಂದಿನ ಪ್ರಸಾದ.

ಕುಸ್ತಿ ಈ ನಾಡಿಗೆ ನಿನ್ನೆ ಬಂದುದಲ್ಲ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವುಂಟು. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ವರ್ಗ ಮಾಡುವ ಕ್ರಮವನ್ನು ಅದು ಹೇಳುತ್ತದೆ. ೧೬ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಮಹಾನವಮಿಯ ಮಲ್ಲಯುದ್ಧವನ್ನು ಕಂಡು ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನು ತಾನೇ ಮೈಗೆ ಎಣ್ಣೆ ತೀಡಿಕೊಂಡು ಮಲ್ಲರೊಡನೆ ಸೆಣಸುತ್ತಿದ್ದನೆಂದೂ ತಿಳಿಸುತ್ತಾನೆ. ಅರಮನೆಯಲ್ಲಿ ಅರಸನು ಮಾಡುತ್ತಿದ್ದ ವಿಚಾರಣೆಯನ್ನು ಜಾತ್ರೆಯ ಬಯಲಿನಲ್ಲಿ ಊರ ಹಿರಿಯರು ಮಾಡುತ್ತ ಬಂದರು.

ಜೋಡಿ ಹಚ್ಚುವ ನ್ಯಾಯ

ಕುಸ್ತಿಯ ಅಭಿಮಾನಿಯ ಮೊದಲ ಕೆಲಸ ಚಪ್ಪಾಳೆ ತಟ್ಟುವುದಲ್ಲ, ಜೋಡಿಯನ್ನು ತೂಗಿ ನೋಡುವುದು. ಪಂಚರು ಇಬ್ಬರು ಜಟ್ಟಿಗಳ ಕೈ ಹಿಡಿದು ಅಖಾಡದ ಸುತ್ತ ನಡೆಸುವರು. ಯಾವ ಊರಿನವನು, ಯಾವ ವಸ್ತಾದರ ಶಿಷ್ಯ, ಇನಾಮು ಎಷ್ಟು ಎಂದು ಸಾರುವರು. ಒಬ್ಬನ ಹೆಗಲು ಇನ್ನೊಬ್ಬನ ಕಿವಿಗೆ ಬಂದರೆ ಮುಂದಿನ ಸಾಲಿನಿಂದ ಆಕ್ಷೇಪಣೆ ಏಳುತ್ತದೆ: “ಜೋಡಿ ಸರಿಯಿಲ್ಲ, ಬದಲಾಯಿಸಿರಿ!” ತಕ್ಕಡಿ ಇಲ್ಲ, ಗಡಿಯಾರ ಇಲ್ಲ, ಇರುವುದು ನೂರಾರು ಕಣ್ಣುಗಳ ಒಪ್ಪಿಗೆ ಮಾತ್ರ.

ಮೊದಲು ಎಳೆಯ ಹುಡುಗರು. ಗೆದ್ದವನಿಗೆ ತೆಂಗಿನಕಾಯಿಯೋ ಚಿಲ್ಲರೆ ಕಾಸೋ. ಹೊತ್ತು ಇಳಿದಂತೆ ಮೈಯೂ ಇನಾಮೂ ಬೆಳೆಯುತ್ತವೆ. ಕಡೆಯ ಕುಸ್ತಿಗೆ ಬೆಳ್ಳಿಯ ಕಡಗವೋ ಗದೆಯೋ ಕಾದಿರುತ್ತದೆ. ಜಟ್ಟಿಗಳು ತೊಡೆ ತಟ್ಟಿ, ಸಲಾಮಿ ಮಾಡಿ, ಜಾರದಿರಲೆಂದು ಒಬ್ಬರ ಮೈಗೆ ಒಬ್ಬರು ಮಣ್ಣು ಎರಚುವರು. ಜಂಗೀ ನಿಕಾಲಿ ಕುಸ್ತಿಯಲ್ಲಿ ಅಂಕಗಳ ಎಣಿಕೆ ಇಲ್ಲ. ಬೆನ್ನು ಮಣ್ಣಿಗೆ ಹತ್ತಿದವನು ಸೋತ, ಅಲ್ಲಿಗೆ ತೀರ್ಮಾನ. ಅಗಸನು ಬಟ್ಟೆ ಒಗೆಯುವಂತೆ ಎದುರಾಳಿಯನ್ನು ಹೆಗಲ ಮೇಲಿಂದ ಎತ್ತಿ ಒಗೆಯುವ ‘ಧೋಬಿ ಪಛಾಡ’ ಬಿದ್ದಾಗ ಬಯಲೆಲ್ಲ ಒಮ್ಮೆಗೇ ಎದ್ದು ನಿಲ್ಲುತ್ತದೆ. ಗೆದ್ದವನು ಅಖಾಡವನ್ನು ಸುತ್ತುವಾಗ ನೋಟುಗಳು ಅವನ ಕೈ ಸೇರುತ್ತವೆ. ಸೋತವನಿಗೂ ಇಷ್ಟು ಕೊಟ್ಟು ಬೆನ್ನು ತಟ್ಟುವವನೇ ನಿಜವಾದ ಅಭಿಮಾನಿ.

ಇಬ್ಬರೂ ಮೊದಲೇ ಒಳಗೊಳಗೆ ಒಪ್ಪಂದ ಮಾಡಿಕೊಂಡು ಸೆಣಸಿದಂತೆ ನಟಿಸಿದರೆ? ಅದಕ್ಕೆ ‘ನೂರಾ ಕುಸ್ತಿ’ ಎಂದು ಹೆಸರು. ಅದನ್ನು ಮೊದಲು ಗುರುತಿಸುವವರೂ ಈ ಹಿರಿಯರೇ. ಕೈ ಹಿಡಿತ ಬಿಗಿಯಾಗಿದ್ದು ಕಾಲು ಮಾತ್ರ ಸುಮ್ಮನಿದ್ದರೆ, ಬೀಳುವ ಮುನ್ನವೇ ಮೈ ಸಡಿಲಾದರೆ ಅವರಿಗೆ ತಿಳಿದುಬಿಡುತ್ತದೆ. ಬಹಿರಂಗವಾಗಿ ಛೀಮಾರಿ ಬಿದ್ದ ಜಟ್ಟಿಗೆ ಮುಂದಿನ ಜಾತ್ರೆಯಲ್ಲಿ ಜೋಡಿ ಸಿಗುವುದೇ ಕಷ್ಟ. ಹೀಗೆ ಕುಸ್ತಿಯನ್ನು ಸತ್ಯದ ಹಾದಿಯಲ್ಲಿ ನಿಲ್ಲಿಸಿದುದು ಕಾಯಿದೆಯಲ್ಲ, ಅಖಾಡದ ಅಂಚಿನ ಕಣ್ಣುಗಳು.

ಕೊಲ್ಲಾಪುರದ ಕರೆ

೧೯೫೬ರವರೆಗೆ ಹುನಗುಂದ ತಾಲೂಕು ಮುಂಬಯಿ ಆಡಳಿತಕ್ಕೆ ಸೇರಿದ ವಿಜಾಪುರ ಜಿಲ್ಲೆಯ ಭಾಗವಾಗಿತ್ತು. ಬಾಗಲಕೋಟೆ ಜಿಲ್ಲೆಯಾದುದು ೧೯೯೭ರಲ್ಲಿ. ಆದುದರಿಂದ ಈ ಕಡೆಯ ಕುಸ್ತಿಪ್ರಿಯರ ಕಣ್ಣು ಸಹಜವಾಗಿ ಕೊಲ್ಲಾಪುರದತ್ತ ಹರಿಯಿತು. ಅಲ್ಲಿ ಶಾಹು ಮಹಾರಾಜರು ತಾಲೀಮುಗಳಿಗೆ ಆಸರೆಯಿತ್ತು, ೧೯೧೨ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದ್ದರು. ಎಲ್ಲಿ ಕುಳಿತರೂ ಅಖಾಡ ಕಾಣುವಂತೆ ಸುತ್ತಲೂ ಏರುಮೆಟ್ಟಿಲಾಗಿ ರಚಿಸಿದ ಆ ಮೈದಾನವನ್ನು ಒಮ್ಮೆ ಕಂಡು ಬಂದವನಿಗೆ ಊರಿನ ಕಟ್ಟೆಯ ಮೇಲೆ ಜೀವಮಾನವಿಡೀ ಸಾಲುವಷ್ಟು ಮಾತು ದೊರೆಯುತ್ತಿತ್ತು.

ಕನ್ನಡ ನೆಲಕ್ಕೆ ಹೆಮ್ಮೆಯ ದಿನ ಬಂದುದು ೧೯೫೯ರಲ್ಲಿ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಎಕ್ಸಂಬಾದಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಪಳಗಿದ ಶ್ರೀಪತಿ ಖಂಚನಾಳೆಯವರು ದಿಲ್ಲಿಯಲ್ಲಿ ಪಂಜಾಬಿನ ಜಟ್ಟಿಯನ್ನು ಮಣಿಸಿ ಮೊದಲ ‘ಹಿಂದ್ ಕೇಸರಿ’ ಎನಿಸಿಕೊಂಡರು. ೨೦೨೦ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ, ಆ ಗೆಲುವಿನ ಸುದ್ದಿಯನ್ನು ಹುಡುಗರಾಗಿ ಕೇಳಿದ್ದವರು ಎಂಬತ್ತರ ಅಂಚಿನಲ್ಲಿದ್ದರು.

ಅಭಿಮಾನಿಗಳ ಪ್ರೀತಿ ಏನು ಮಾಡಬಲ್ಲದೆಂಬುದಕ್ಕೆ ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವರ ಕಥೆಯೇ ಸಾಕ್ಷಿ. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಲು ಅವರಲ್ಲಿ ಹಣವಿರಲಿಲ್ಲ. ಊರವರು ಚಂದಾ ಎತ್ತಿದರು. ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಾಚಾರ್ಯರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು ನೆರವಾದರು. ಜಾಧವರು ಕಂಚಿನ ಪದಕ ತಂದರು. ಅದು ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ದೊರೆತ ಮೊದಲ ವೈಯಕ್ತಿಕ ಪದಕ. ಅವರನ್ನು ಎದುರುಗೊಳ್ಳಲು ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳು ಬಂದಿದ್ದವು. ೧೯೮೪ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದುದು ಅವರ ಮರಣಾನಂತರ. ಗಾಡಿ ಕಟ್ಟಿಕೊಂಡು ಬಂದ ಹಳ್ಳಿಯವರು ಅಷ್ಟು ತಡಮಾಡಿರಲಿಲ್ಲ.

ಸೀಮೋಲ್ಲಂಘನ

ಗರಡಿಗಳಲ್ಲಿ ಇಂದಿಗೂ ಹೇಳುವ ಇನ್ನೊಂದು ಕಥೆ ಗಾಮಾ ಪೈಲವಾನನದು. ೧೯೧೦ರಲ್ಲಿ ಗಾಮಾ ಲಂಡನ್ನಿಗೆ ಹೋದಾಗ ಆಳು ಗಿಡ್ಡನೆಂದು ಪಂದ್ಯದಲ್ಲಿ ಸೇರಿಸಿಕೊಳ್ಳಲಿಲ್ಲ. ಯಾರಾದರೂ ಬರಲಿ, ಅರ್ಧ ಗಂಟೆಯೊಳಗೆ ಮೂವರನ್ನು ಕೆಡಹುವೆನೆಂದು ಆತ ಸವಾಲು ಹಾಕಿದ. ಆ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಜ್ಬಿಸ್ಕೊ ಗಾಮಾನ ಎದುರು ಸುಮಾರು ಎರಡೂವರೆ ಗಂಟೆಗೂ ಹೆಚ್ಚು ಕಾಲ ನೆಲವನ್ನು ಅಪ್ಪಿಕೊಂಡೇ ಇದ್ದು ಸೋಲನ್ನು ತಪ್ಪಿಸಿಕೊಂಡ. ವಾರದ ಬಳಿಕ ನಡೆಯಬೇಕಾಗಿದ್ದ ಮರುಪಂದ್ಯಕ್ಕೆ ಅವನು ಬರಲಿಲ್ಲ. ಗೆಲುವಿನ ಪಟ್ಟಿ ಗಾಮಾನದಾಯಿತು. ೧೯೨೮ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಕುಸ್ತಿ ಒಂದು ನಿಮಿಷವೂ ಹಿಡಿಯಲಿಲ್ಲ.

ಅದೇ ಇಂಗ್ಲೆಂಡಿನಲ್ಲಿ ಮುಂದೆ ಕುಸ್ತಿ ಬೇರೊಂದು ದಾರಿ ಹಿಡಿಯಿತು. ೧೯೫೫ರಿಂದ ೧೯೮೮ರವರೆಗೆ ಅಲ್ಲಿನ ಐಟಿವಿ ದೂರದರ್ಶನ ವೃತ್ತಿಪರ ಕುಸ್ತಿಯನ್ನು ತೋರಿಸಿತು. ಶನಿವಾರದ ಸಂಜೆ ಅಜ್ಜಿಯರೂ ಕುರ್ಚಿಯ ತುದಿಗೆ ಬಂದು ಕುಳಿತು ದುಷ್ಟ ಪಾತ್ರದವನನ್ನು ಬಯ್ಯುತ್ತಿದ್ದರು. ಗೆಲುವು ಸೋಲು ಮೊದಲೇ ಗೊತ್ತುಮಾಡಿದ್ದೆಂಬ ಗುಟ್ಟು ತಿಳಿದಿದ್ದರೂ ಅವರ ಉತ್ಸಾಹ ಕುಂದಲಿಲ್ಲ. ಪ್ರಸಾರ ನಿಂತ ಮೇಲೂ ಆ ಆಟ ಸಣ್ಣ ಸಣ್ಣ ಸಭಾಂಗಣಗಳಲ್ಲಿ ಬದುಕುಳಿಯಿತು. ಉಳಿಸಿದವರು ಟಿಕೆಟ್ಟು ಕೊಂಡು ಮಡಿಸುವ ಕುರ್ಚಿಯ ಮೇಲೆ ಕುಳಿತ ಅಭಿಮಾನಿಗಳು.

ಆ ಬಗೆಯ ಕುಸ್ತಿಯ ಗಾಳಿ ಭಾರತಕ್ಕೂ ಬೀಸಿತು. ದಾರಾ ಸಿಂಗ್ ಮತ್ತು ಬೆಟ್ಟದಂಥ ಮೈಯ ಕಿಂಗ್ ಕಾಂಗರ ಹೋರಾಟಗಳು ಮನೆಮಾತಾದವು. ೧೯೬೮ರಲ್ಲಿ ಮುಂಬಯಿಯಲ್ಲಿ ದಾರಾ ಸಿಂಗ್ ಅಮೆರಿಕದ ಲೂ ಥೆಝನನ್ನು ಸೋಲಿಸಿದ ಸುದ್ದಿ ಊರೂರಿಗೂ ಹಬ್ಬಿತು. ಆಗ ಹಳ್ಳಿಯ ಕಟ್ಟೆಗಳ ಮೇಲೆ ಹುಟ್ಟಿದ ವಾದ ಇನ್ನೂ ಮುಗಿದಿಲ್ಲ: ಅದು ಕುಸ್ತಿಯೋ, ನಾಟಕವೋ? ನಾಟಕವೇ ಆಗಿದ್ದರೂ ನೋಡಲು ಸೊಗಸು ಎನ್ನುವವರು ಕೆಲವರು. ಆದರೆ ಜಾತ್ರೆಯ ಬಯಲಿನ ಹಿರಿಯರ ತೀರ್ಪು ಬೇರೆ: “ನಾಟಕ ನೋಡಬೇಕೆಂದರೆ ರಾತ್ರಿ ಬಯಲಾಟ ಐತಿ. ಹಗಲು ಅಖಾಡದಾಗ ಸುಳ್ಳು ಬ್ಯಾಡ.”

ಮಣ್ಣಿನಿಂದ ಚಾಪೆಗೆ

ಕಾಲ ಬದಲಾಗಿದೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಸುಮಾರು ೨೪,೦೦೦ ಹೆಕ್ಟೇರ್ ನೆಲಕ್ಕೆ ಹನಿ ನೀರಾವರಿ ಒದಗಿಸಲೆಂದು ರೂಪಿಸಿದ ಯೋಜನೆಯಿಂದ ರಾಮಥಾಳದ ಹೆಸರು ಈಗ ದೂರದ ಊರುಗಳಿಗೂ ಪರಿಚಿತ. ಹೊಲಗಳಲ್ಲಿ ಕೊಳವೆಗಳು ಹರಿದಾಡಿವೆ. ಹಿಂದೆ ನಸುಕಿನಲ್ಲಿ ಗರಡಿಗೆ ಹೋಗುತ್ತಿದ್ದ ವಯಸ್ಸಿನ ಹುಡುಗರು ಈಗ ಕಾಲೇಜಿನ ಬಸ್ಸನ್ನು ಕಾಯುತ್ತಾರೆ. ಪೈಲವಾನನ ಖುರಾಕು, ಅಂದರೆ ಹಾಲು, ತುಪ್ಪ, ಬಾದಾಮಿ, ಒಕ್ಕಲುತನದ ಮನೆಗೆ ಎಂದೂ ಅಗ್ಗವಾಗಿರಲಿಲ್ಲ. ಈಗ ಇನ್ನಷ್ಟು ದುಬಾರಿ.

ಕುಸ್ತಿಯ ರೂಪವೂ ಬದಲಾಗಿದೆ. ಅಂತಾರಾಷ್ಟ್ರೀಯ ಪಂದ್ಯಗಳು ನಡೆಯುವುದು ಮಣ್ಣಿನಲ್ಲಲ್ಲ, ಮೆತ್ತೆಯ ಚಾಪೆಯ ಮೇಲೆ. ಮೂರು ಮೂರು ನಿಮಿಷಗಳ ಎರಡು ಸುತ್ತು. ಪ್ರತಿ ಪಟ್ಟಿಗೂ ಅಂಕ. ಮಣ್ಣಿನಲ್ಲಿ ತಾಳ್ಮೆ ದೊಡ್ಡದು, ಚಾಪೆಯ ಮೇಲೆ ಚುರುಕು ದೊಡ್ಡದು. ಮಣ್ಣಿನಲ್ಲಿ ಬೆಳೆದ ಎಷ್ಟೋ ಮಂದಿ ಈ ದಾಟುವಿಕೆಯಲ್ಲಿ ಎಡವಿದರು. ಆದರೆ ದಾಟಿದವರೂ ಇದ್ದಾರೆ. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ ಅವರು ೨೦೨೦ರಲ್ಲಿ ದಿಲ್ಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಗ್ರೀಕೊ-ರೋಮನ್ ಶೈಲಿಯ ೫೫ ಕಿಲೋ ವಿಭಾಗದ ಕಂಚನ್ನು ಗೆದ್ದರು. ಸೊಂಟದಿಂದ ಕೆಳಗೆ ಹಿಡಿಯಲೇ ಕೂಡದೆಂಬ ಆ ಶೈಲಿಯಲ್ಲಿ ಈ ಸೀಮೆಯ ಹುಡುಗನೊಬ್ಬನು ಏಷ್ಯದ ಪದಕ ಪಡೆದನೆಂಬುದು ಕಟ್ಟೆಯ ಹಿರಿಯರಿಗೆ ಸಣ್ಣ ಸಂಗತಿಯಲ್ಲ.

ಇನ್ನೊಂದು ಬದಲಾವಣೆ ಇನ್ನೂ ಹಿರಿದು. ಹಿಂದೆ ಹೆಣ್ಣುಮಕ್ಕಳು ದೂರದ ಮಾಳಿಗೆಯಿಂದ ನೋಡಿದರೆ ಅದೇ ಹೆಚ್ಚು. ೨೦೧೬ರಲ್ಲಿ ರಿಯೊ ಒಲಿಂಪಿಕ್ಸಿನಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಹಳಿಯಾಳ ಮುಂತಾದೆಡೆ ಕನ್ನಡದ ಹುಡುಗಿಯರೂ ಪಟ್ಟು ಕಲಿಯುತ್ತಿದ್ದಾರೆ. ಜೋಡಿ ಸರಿಯಿದ್ದರೆ ಕುಸ್ತಿ ಯಾರದಾದರೂ ಚೆಂದವೆಂದು ಒಪ್ಪುವಷ್ಟು ಉದಾರತೆ ಹಳೆಯ ಅಭಿಮಾನಿಗಳಲ್ಲಿ ಹಲವರಿಗೆ ಬಂದಿದೆ.

ಉಳಿಯಬೇಕಾದುದು

ಮೈಯೇ ಬಂಡವಾಳವಾದವನಿಗೆ ಮುಪ್ಪು ಬೇಗ ಬರುತ್ತದೆ. ಮೊಣಕಾಲು ಸವೆಯುತ್ತದೆ, ಹೆಗಲು ಹಿಡಿಯುತ್ತದೆ, ಕಿವಿಗಳು ಜಜ್ಜಿ ಮುದುಡಿರುತ್ತವೆ. ಕರ್ನಾಟಕ ಸರ್ಕಾರ ಮಾಜಿ ಪೈಲವಾನರಿಗೆ ಮಾಸಾಶನ ಕೊಡುವ ಕ್ರಮವಿಟ್ಟಿದೆ, ಅದು ಒಳ್ಳೆಯದೇ. ಆದರೆ ಅದಕ್ಕೆ ಪ್ರಮಾಣಪತ್ರ ಬೇಕು. ಜಾತ್ರೆಯ ಬಯಲಿನಲ್ಲಿ ಗೆದ್ದವನಿಗೆ ಪ್ರಮಾಣಪತ್ರ ಕೊಟ್ಟವರಾರು? ಅವನ ಗೆಲುವಿಗೆ ಸಾಕ್ಷಿ ಆ ಮುಂದಿನ ಸಾಲಿನ ವೃದ್ಧರೊಬ್ಬರೇ. ಆ ವೃದ್ಧರು ಹೋದ ದಿನ ಒಂದು ಊರಿನ ಐವತ್ತು ವರ್ಷಗಳ ಕುಸ್ತಿಯೂ ಅವರೊಂದಿಗೇ ಹೋಗುತ್ತದೆ.

ಶಾಲೆಗೆ ಹೋಗುವ ಮೊಮ್ಮಗನೊಬ್ಬನು ಒಂದು ನೋಟುಬುಕ್ಕನ್ನು ತಂದು ಅಜ್ಜನ ಮುಂದೆ ಕುಳಿತರೆ ಸಾಕು. ಊರು, ವರ್ಷ, ಜೋಡಿ, ಪಟ್ಟು ಎಂದು ನಾಲ್ಕು ಗೆರೆ ಎಳೆದು ಬರೆದುಕೊಂಡರೆ ಅದಕ್ಕೆ ಖರ್ಚೇನೂ ಇಲ್ಲ. ಅಜ್ಜ ನಿಧಾನವಾಗಿ ಹೇಳುವರು. ನಡುವೆ ಮಾತು ಸಾಲದೆ, ಮೊಮ್ಮಗನ ಮುಂಗೈ ಹಿಡಿದು ಪಟ್ಟನ್ನು ತೋರಿಸಲು ಎದ್ದು ನಿಲ್ಲುವರು. ಹಿಡಿತ ಇನ್ನೂ ಬಿಗಿಯಾಗಿಯೇ ಇರುತ್ತದೆ.